ತಲೆಯ ಮೇಲಿನ ಕಲ್ಲು

(ಗುಹೆಗಳ ವೀಕ್ಷಣೆಗೆ ಹೊರಟ ವಿದ್ಯಾರ್ಥಿಗಳು ಹಾಗೂ ಅವರಿಗೆ ದಾರಿ ತೋರುವ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ತೋಟದಲ್ಲಿ ಕೊನೆಗೌಡ ಅಡಿಕೆಮರವನ್ನೇರಿದಾಗ ಬುಡದಲ್ಲಿ ಯಾರೂ ನಿಲ್ಲುವುದಿಲ್ಲ. ಇದು ನಮಗೆ ಯಾರೂ ಪಾಠ ಹೇಳಿ ಕಲಿಸಿದ್ದಲ್ಲ. ಅದೇ ನಾವು ಗುಹೆಯೊಳಗೆ ಹೊಕ್ಕಾಗ ಮಾತ್ರ, ಮೇಲೇರುತ್ತಿರುವವನ ಕಾಲಡಿಯಲ್ಲೇ ಗುಂಪಾಗಿ ನಿಂತು ಬೆಳಕು ಹಿಡಿಯುತ್ತೇವೆ. ವಿದ್ಯಾರ್ಥಿಯಾಗಿದ್ದಾಗ ನನಗೆ ಬೆಳಕು ಹಿಡಿದು ನಿಂತಿದ್ದ ಗೆಳೆಯನ ಹೆಗಲಿನ ಮೂಳೆ ಮುರಿಯಿತು. ನನ್ನ ಕಾಲಿನಿಂದ ಜಾರಿದ ಆ ಕಲ್ಲು ತೆಂಗಿನಕಾಯಿಗಿಂತ ಚಿಕ್ಕದಾಗಿತ್ತು. ಇಂದಿಗೂ ಆ ಸದ್ದು ನನ್ನ ಕಿವಿಯಲ್ಲಿದೆ.

ಕುಮಟಾ ತಾಲ್ಲೂಕಿನ ಯಾಣದಲ್ಲಿ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರ. ಸುಣ್ಣಕಲ್ಲಿನ ಈ ಬಂಡೆಗಳು ನೋಡಿದವರಿಗೆ ಅಚಲವೆನಿಸುತ್ತವೆ. ಮಣ್ಣನ್ನು ಅಭ್ಯಸಿಸುವ ನನಗೆ ಹಾಗೆನ್ನಿಸದು. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿಗಿಂತ ಹತ್ತಾರು ಪಟ್ಟು ಹೆಚ್ಚು. ಅದರ ಮೂಲಕ ಇಳಿಯುವ ಮಳೆನೀರು ದುರ್ಬಲ ಆಮ್ಲವಾಗಿ ಸುಣ್ಣಕಲ್ಲನ್ನು ಕರಗಿಸುತ್ತದೆ. ಇಂಥ ಕಲ್ಲಿನಲ್ಲಿ ಗುಹೆಯನ್ನು ಕೊರೆಯುವುದೂ ಆ ನೀರೇ, ಛಾವಣಿಯ ಬಿರುಕನ್ನು ಅಗಲಿಸುವುದೂ ಆ ನೀರೇ. ಬಿರುಕಿನೊಳಗೆ ಬೇರು ಬೆಣೆಯಂತೆ ಬಲಿಯುತ್ತದೆ; ಸಂದಿನ ಜೇಡಿಮಣ್ಣು ಮಳೆಗೆ ತೊಳೆದುಹೋಗುತ್ತದೆ. ಆದುದರಿಂದ ಕಳೆದ ಬೇಸಿಗೆಯಲ್ಲಿ ಹಿಡಿದು ಹತ್ತಿದ ಕಲ್ಲು ಈ ಮಳೆಗಾಲದ ನಂತರವೂ ಗಟ್ಟಿಯಾಗಿದೆಯೆಂದು ನಂಬಬೇಡಿ. ನೆಲದ ಮೇಲೆ ಪಾಚಿ ಹತ್ತದ ಹೊಸ ಚೂರುಗಳಿದ್ದರೆ, ಮೇಲೆ ಬಂಡೆಯ ಮೈ ತಿಳಿಬಣ್ಣದ ಗಾಯದಂತೆ ಕಂಡರೆ, ಅಲ್ಲಿ ನಿಂತು ಬುತ್ತಿ ಬಿಚ್ಚುವುದು ಬೇಡ.

ಇಪ್ಪತ್ತು ಮೀಟರ್ ಮೇಲಿಂದ ಕಳಚಿದ ಕಲ್ಲು ಎರಡು ಸೆಕೆಂಡಿನಲ್ಲಿ, ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಓಡಲು ಸಮಯವಿಲ್ಲ. ‘ಕಲ್ಲು!’ ಎಂಬ ಕೂಗು ಕೇಳಿದೊಡನೆ ಮೇಲೆ ನೋಡದೆ ಗೋಡೆಗೆ ಒತ್ತಿ ನಿಲ್ಲಿ. ಹತ್ತುವವನು ಎಷ್ಟೇ ಸಣ್ಣ ಚೂರು ಜಾರಿದರೂ ಕೂಗಲೇಬೇಕು. ಇದರಲ್ಲಿ ಸಂಕೋಚ ಸಲ್ಲದು. ಬೈಕಿನ ಹೆಲ್ಮೆಟ್ ಕಿವಿಯನ್ನೂ ಪಕ್ಕದ ನೋಟವನ್ನೂ ಮುಚ್ಚುವುದರಿಂದ, ಗದ್ದಪಟ್ಟಿಯುಳ್ಳ ಆರೋಹಣದ ಹೆಲ್ಮೆಟ್ಟನ್ನೇ ಧರಿಸಿ. ದೀಪ ಅದಕ್ಕೇ ಕಟ್ಟಿರಲಿ, ಕೈಗಳೆರಡೂ ಬಿಡುವಾಗಿರಲಿ. ಬೇರೆ ಎರಡು ದೀಪಗಳು ಚೀಲದಲ್ಲಿರಲಿ.

ಒಬ್ಬೊಬ್ಬರಾಗಿ ಹತ್ತಿ, ಉಳಿದವರು ಬದಿಗೆ ಸರಿಯಿರಿ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಬಂಡೆಯ ಮೇಲಿರಬೇಕು. ಹಿಡಿಯುವ ಕಲ್ಲನ್ನು ಮೊದಲು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಿ. ಗ್ರಾಮಸ್ಥರಲ್ಲಿ ಒಂದು ವಿಶೇಷ ವಿನಂತಿ: ಕೊನೆ ಇಳಿಸುವ ಹಗ್ಗದಲ್ಲಿ ಮನುಷ್ಯರನ್ನು ಇಳಿಸಬೇಡಿ. ನಿಮ್ಮ ಕೈಯ ಅನುಭವದ ಬಗ್ಗೆ ನನಗೆ ಗೌರವವಿದೆ. ಆದರೆ ಕಲ್ಲಿನ ಅಂಚಿಗೆ ಉಜ್ಜಿದ ಹಗ್ಗಕ್ಕೆ ಅದು ತಿಳಿಯದು.

ಗುಹೆಯೊಳಗೆ ಮೊಬೈಲ್ ಸಂಕೇತ ಸಿಗದು. ಹೋಗುವವರ ಹೆಸರು, ಮರಳುವ ಹೊತ್ತು ಎರಡನ್ನೂ ಹತ್ತಿರದ ಮನೆಯಲ್ಲಿ ಬರೆದುಕೊಟ್ಟು ಹೋಗಿ. ಯಾರಿಗಾದರೂ ಪೆಟ್ಟಾದರೆ, ಮತ್ತೆ ಕಲ್ಲು ಬೀಳುವಂತಿದ್ದರೆ ಮಾತ್ರ ಅವರನ್ನು ಅಲ್ಲಿಂದ ಸರಿಸಿ. ಒಬ್ಬರು ಬಳಿಯಲ್ಲಿರಿ, ಇಬ್ಬರು ಹೊರಬಂದು 108ಕ್ಕೆ ಕರೆ ಮಾಡಿ. ನಾಲ್ವರಿಗಿಂತ ಕಡಿಮೆ ಜನ ಒಳಗೆ ಹೋಗಬಾರದೆನ್ನುವುದು ಈ ಲೆಕ್ಕದಿಂದಲೇ.