ಸೀಟು ಸಿಕ್ತು, ಆದ್ರ ಬಸ್ಸು?

ಬಿಕಾಂ ಓದಿದ ರೂಢಿ ನೋಡ್ರಿ, ಲೆಕ್ಕ ಬಿಟ್ಟು ನನಗ ಮಾತು ಬರಂಗಿಲ್ಲ. ಹಂಗಾಗಿ ಇವತ್ತೂ ಲೆಕ್ಕದಿಂದನ ಶುರು ಮಾಡ್ತೀನಿ.

ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ ದೇಶದಲ್ಲಿ ಕಾಲೇಜು, ವಿಶ್ವವಿದ್ಯಾಲಯ ಓದುತ್ತಿದ್ದವರು ಸುಮಾರು 4.33 ಕೋಟಿ. ಅವರಲ್ಲಿ ಹೆಣ್ಮಕ್ಕಳು 2.07 ಕೋಟಿ. ಹತ್ತಿರಹತ್ತಿರ ಅರ್ಧ! ‘ಮತ್ತ ಅಸಮಾನತೆ ಎಲ್ಲೈತಿ?’ ಅಂತ ನೀವು ಕೇಳಬಹುದು.

ಬಾಗಿಲು ದಾಟೋದು ಬೇರೆ, ಒಳಗ ಉಳಿಯೋದು ಬೇರೆ. ನನ್ನ ಜೊತೆ ಡಿಗ್ರಿ ಮಾಡಿದಾಕಿ ಒಬ್ಬಾಕಿ ನಮ್ಮೆಲ್ಲರಿಗಿಂತ ಜಾಣಿ. ಎಂಕಾಂ ಸೀಟು ಸಿಕ್ಕಿತ್ತು. ‘ದೂರ ಆಗ್ತದವ್ವಾ’ ಅಂದ್ರು ಮನ್ಯಾಗ. ಅಲ್ಲಿಗೆ ಮುಗೀತು. ‘ಬ್ಯಾಡ’ ಅಂತ ಯಾರೂ ಅನ್ಲಿಲ್ಲ, ನೋಡ್ರಿ.

ವಿದ್ವಾಂಸರು ಇದನ್ನ ಹೆಂಗ ನೋಡ್ತಾರ? ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1975ರಲ್ಲಿ ಬರೆದ ಲೇಖನದ ವಾದ ಇದು: ವಿಶ್ವವಿದ್ಯಾಲಯದ ಗಡಿಯಾರ ಮನೆಗೆಲಸ ನೋಡಿಕೊಳ್ಳೋ ಹೆಂಡತಿ ಇರೋ ಗಂಡಸಿಗೆ ಹೊಂದುವಂಗ ತಿರುಗ್ತದ. 1990ರಲ್ಲಿ ಜೋನ್ ಆ್ಯಕರ್ ಇನ್ನೂ ಮುಂದೆ ಹೋದರು. ಸಂಸ್ಥೆಗಳ ನಿಯಮ ಎಲ್ಲರಿಗೂ ಒಂದೇ ಅನ್ನಿಸ್ತಾವ. ಆದರೆ ಅವು ಮನಸ್ಸಿನಲ್ಲಿಟ್ಟುಕೊಂಡ ‘ಆದರ್ಶ ಕೆಲಸಗಾರ’ನಿಗೆ ಬಸಿರು, ಬಾಣಂತನ, ಅಡಿಗೆಮನೆ ಯಾವುದೂ ಇಲ್ಲ ಅಂದ್ರು.

ಇದನ್ನ ನಮ್ಮ ಕಡೆ ತಂದು ನೋಡ್ರಿ. ಸಂಜೆ ಸೆಮಿನಾರ್ ಇಟ್ಟರೆ ಬೈಕ್ ಇದ್ದ ಹುಡುಗ ಕೂಡ್ತಾನ. ಬೀಳಗಿ ಬಸ್ಸು ಹಿಡಿಯಬೇಕಾದ ಹುಡುಗಿ ಅರ್ಧಕ್ಕ ಏಳ್ತಾಳ. ಬನಹಟ್ಟಿ ನೇಕಾರರ ಮನಿ ಹುಡುಗಿಗೆ ಓದೋಕೂ ಮೊದಲ ಕಂಡಿಕೆ ಸುತ್ತೋದಿರ್ತದ. ನಿಯಮ ಒಂದೇ, ವೇಳೆ ಒಂದೇ ಅಲ್ಲ. 2023ರ ಶಕ್ತಿ ಯೋಜನೆ ಟಿಕೆಟ್ ಚಿಂತೆ ತಪ್ಪಿಸ್ತು, ನಿಜ. ಆದರೆ ಬಸ್ಸು ವೇಳೆಗೆ ಬರಬೇಕಲ್ಲ?

ಅದಕ್ಕ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆಗಿದ್ದು ಸಣ್ಣ ಮಾತಲ್ಲ. ಮುಧೋಳ, ರಬಕವಿ ಹುಡುಗಿ ಮನಿಯಿಂದನ ಹೋಗಿ ಬಂದು ಸ್ನಾತಕೋತ್ತರ ಓದಬಹುದು. ಆದರೆ 2025ರಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯ ಮುಚ್ಚೋ ಪ್ರಸ್ತಾಪ ಬಂದಾಗ ಆ ಪಟ್ಟಿಯಲ್ಲಿ ಇದರ ಹೆಸರೂ ಇತ್ತು. ಚರ್ಚೆ ನಡೆದದ್ದು ಹೆಚ್ಚಾಗಿ ದುಡ್ಡಿನ ಸುತ್ತ. ದುಡ್ಡಿನ ಲೆಕ್ಕ ಬ್ಯಾಡ ಅನ್ನಂಗಿಲ್ಲ ನಾನು. ಆದರೆ ‘ದೂರ ಆಗ್ತದ’ ಅನ್ನೋ ಒಂದೇ ಮಾತಿಗೆ ಎಷ್ಟು ಹುಡುಗಿಯರ ಓದು ನಿಲ್ತದ ಅನ್ನೋದನ್ನೂ ಅದೇ ಲೆಕ್ಕದಾಗ ಬರೀರಿ. ಹೆಸರಷ್ಟ ಉಳಿಸಿ, ಅಧ್ಯಾಪಕರು, ಹಾಸ್ಟೆಲ್ಲು ಕೊಡದಿದ್ದರೂ ಅದು ಮುಚ್ಚಿದಂಗನ.

ನಿಮ್ಮ ಕಾಲೇಜಿನಿಂದ ಕೊನೆ ಬಸ್ಸು ಎಷ್ಟಕ್ಕ? ಅದು ತಪ್ಪಿದರ ಏನಾಗ್ತದ? ವಾಯ್ಸ್ ನೋಟ್ ಕಳಸ್ರಿ. ಮುಂದಿನ ಕಂತಿನಲ್ಲಿ ನಿಮ್ಮ ಮಾತೇ ಕೇಳೋಣು.