ವಿಮಾನಕ್ಕೆ ತಕ್ಕ ಎಂಜಿನ್, ಊರಿಗೆ ತಕ್ಕ ಸೂಜಿ



ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಎಂದರೆ ಮಕ್ಕಳ ಆಟಿಕೆ ಎಂದು ಹಲವರು ತಿಳಿದಿದ್ದಾರೆ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ವಾಯು ವಿಭಾಗದಲ್ಲಿದ್ದು ಏರೋಮಾಡೆಲಿಂಗ್ ಮಾಡಿದವರು ಹಾಗೆ ಹೇಳುವುದಿಲ್ಲ. ಬಾಲ್ಸಾ ಮರವನ್ನು ಬ್ಲೇಡಿನಿಂದ ಕೊಯ್ದು, ಅಂಟಿಸಿ, ಉಜ್ಜುಕಾಗದ ಹಿಡಿದು ನಯಮಾಡಿ, ತಿಂಗಳುಗಟ್ಟಲೆ ರಾತ್ರಿ ಕೂತು ಕಟ್ಟಿದ ವಿಮಾನ ಒಂದೇ ನಿಮಿಷದಲ್ಲಿ ಪುಡಿಯಾಗುವುದನ್ನು ಅವರು ಕಂಡಿರುತ್ತಾರೆ. ಅಂಥ ಅವಘಡಗಳಲ್ಲಿ ಎಷ್ಟೋ ಸಲ ತಪ್ಪು ಮರದ್ದಲ್ಲ, ಅಂಟಿನದ್ದೂ ಅಲ್ಲ. ಎಂಜಿನ್ ಆರಿಸಿದ ರೀತಿ ಮತ್ತು ಅದನ್ನು ಹೊಂದಿಸಿದ ರೀತಿಯದ್ದು. ಇವತ್ತಿನ ಮಾತು ಆ ಎಂಜಿನ್ನಿನ ಬಗ್ಗೆ.

ಹೊಸಬರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಯಾವ ಎಂಜಿನ್ ಒಳ್ಳೆಯದು?" ಎಂದು. ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಬೇಕು. "ನನ್ನ ವಿಮಾನ ಎಷ್ಟು ತೂಕದ್ದು, ಅದನ್ನು ಹಾರಿಸುವ ನಾನು ಎಷ್ಟು ಕಲಿತವನು, ನಾನಿರುವ ಊರು ಯಾವುದು?" ಈ ಮೂರಕ್ಕೆ ಉತ್ತರ ಸಿಕ್ಕರೆ ಎಂಜಿನ್ ತಾನಾಗಿಯೇ ಸಿಗುತ್ತದೆ.

ಕಲಿಯುವವರಿಗೆ ಸೂಕ್ತವಾದದ್ದು ಟ್ರೇನರ್ ಎಂಬ ಜಾತಿಯ ವಿಮಾನ. ರೆಕ್ಕೆ ದೇಹದ ಮೇಲ್ಗಡೆ ಇರುತ್ತದೆ. ರೆಕ್ಕೆಯ ಉದ್ದ ಸುಮಾರು ಒಂದೂವರೆ ಮೀಟರ್, ಒಟ್ಟು ತೂಕ ಎರಡೂವರೆ ಕಿಲೋ ಆಸುಪಾಸು. ಇದಕ್ಕೆ 40 ಅಥವಾ 46 ಎಂಬ ಸಂಖ್ಯೆಯ ಎರಡು ಸ್ಟ್ರೋಕಿನ ಗ್ಲೋ ಎಂಜಿನ್ ಸಾಕು. ಈ ಸಂಖ್ಯೆ ಕಂಡು ಗಾಬರಿಯಾಗಬೇಡಿ. 40 ಎಂದರೆ 0.40 ಘನ ಅಂಗುಲ, ಅಂದರೆ ಸುಮಾರು 6.5 ಸಿಸಿ. 46 ಎಂದರೆ 7.5 ಸಿಸಿ. ನಮ್ಮ ರಸ್ತೆಯ ಸ್ಕೂಟರುಗಳು ನೂರು ಸಿಸಿಯ ಮೇಲಿರುತ್ತವೆ. ಆದರೂ ಅಂಗೈಯಲ್ಲಿ ಹಿಡಿಯುವ ಈ ಪುಟ್ಟ ಎಂಜಿನ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿ ಒಂದು ಅಶ್ವಶಕ್ತಿ, ಕೆಲವು ಮಾದರಿಗಳಲ್ಲಿ ಒಂದೂವರೆ ಅಶ್ವಶಕ್ತಿ ಕೊಡುತ್ತದೆ.

"ಹಾಗಿದ್ದರೆ 60 ಹಾಕೋಣ, ಶಕ್ತಿ ಹೆಚ್ಚಿದ್ದರೆ ಒಳ್ಳೆಯದಲ್ಲವೇ?" ಎಂದು ಕೇಳುವವರಿದ್ದಾರೆ. ಅಲ್ಲ. ದೊಡ್ಡ ಎಂಜಿನ್ ಮೂಗನ್ನು ಭಾರ ಮಾಡುತ್ತದೆ. ಅದನ್ನು ಸರಿದೂಗಿಸಲು ಬಾಲಕ್ಕೆ ಸೀಸ ಕಟ್ಟಬೇಕು. ಒಟ್ಟು ತೂಕ ಏರಿದ ಮೇಲೆ ವಿಮಾನ ಆಕಾಶದಲ್ಲಿ ನಿಲ್ಲಲು ಹೆಚ್ಚು ವೇಗ ಬೇಡುತ್ತದೆ, ಇಳಿಯುವಾಗಲೂ ವೇಗವಾಗಿಯೇ ಇಳಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ವಿಮಾನ 80ಕ್ಕೆ ಏರಿದರೆ ಅದು ಕೊಡುವ ಪೆಟ್ಟಿನ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಕಲಿಯುವವನ ಕೈ ಅಷ್ಟು ಬೇಗ ಓಡುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಈ ಎಂಜಿನ್ ಕೆಲಸ ಮಾಡುವ ಬಗೆ ಬಹಳ ಸ್ವಾರಸ್ಯವಾದದ್ದು. ಕಾರಿನಲ್ಲಿರುವಂತೆ ಇದರಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರಿಸುವ ವ್ಯವಸ್ಥೆ ಇಲ್ಲ. ಗ್ಲೋ ಪ್ಲಗ್‌ನೊಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿ ಇದೆ. ಶುರುವಿನಲ್ಲಿ ಒಂದೂವರೆ ವೋಲ್ಟಿನ ಬ್ಯಾಟರಿ ತಗುಲಿಸಿ ಅದನ್ನು ಕೆಂಪಗೆ ಕಾಯಿಸುತ್ತೇವೆ. ಎಂಜಿನ್ ಚಾಲೂ ಆದ ಮೇಲೆ ಬ್ಯಾಟರಿ ತೆಗೆದರೂ ಸುರುಳಿ ಆರುವುದಿಲ್ಲ. ಮೆಥನಾಲ್ ಆವಿಗೂ ಪ್ಲಾಟಿನಂಗೂ ನಡೆಯುವ ರಾಸಾಯನಿಕ ಕ್ರಿಯೆ ಮತ್ತು ಉರಿಯುವ ಇಂಧನದ ಕಾವು ಅದನ್ನು ಬೆಳಗಿಸಿಯೇ ಇಡುತ್ತವೆ. ಅಮೆರಿಕದ ರೇ ಆರ್ಡೆನ್ 1947ರಲ್ಲಿ ಇಂಥ ಪ್ಲಗ್ಗನ್ನು ಮಾರುಕಟ್ಟೆಗೆ ತಂದರು. ಆಮೇಲೆ ವಿಮಾನದೊಳಗೆ ಕಿಡಿಯ ಕಾಯಿಲ್ ಮತ್ತು ಬ್ಯಾಟರಿ ಹೊರುವ ಕಷ್ಟ ತಪ್ಪಿತು.

ಇಂಧನದಲ್ಲಿ ಮುಖ್ಯವಾದದ್ದು ಮೆಥನಾಲ್. ಅದರೊಡನೆ ನೂರಕ್ಕೆ 18ರಿಂದ 20ರಷ್ಟು ಎಣ್ಣೆ, 5ರಿಂದ 15ರಷ್ಟು ನೈಟ್ರೋಮೀಥೇನ್. ಆ ಎಣ್ಣೆಗಳಲ್ಲಿ ಒಂದು ನಮ್ಮ ಹರಳೆಣ್ಣೆ! ಅಜ್ಜಿ ತಲೆಗೆ ತಟ್ಟುತ್ತಿದ್ದ ಹರಳೆಣ್ಣೆಯೇ ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನುಗಳನ್ನೂ ಕಾಪಾಡಿತ್ತು. ವಿಪರೀತ ಕಾವಿನಲ್ಲೂ ಅದು ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಆದರೆ ಅಂಗಡಿಯ ಹರಳೆಣ್ಣೆ ತಂದು ಮನೆಯಲ್ಲಿ ಬೆರೆಸುವ ಸಾಹಸ ಹೊಸಬರಿಗೆ ಬೇಡ. ಮೆಥನಾಲ್ ವಿಷ. ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಚರ್ಮದ ಮೂಲಕವೂ ಅದು ಒಳಗಿಳಿಯುತ್ತದೆ. ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಹೆಸರು ಬರೆದ ಡಬ್ಬಿಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ, ಮಕ್ಕಳಿಂದ ದೂರ ಇಡಿ. ನೀರಿನ ಬಾಟಲಿಯಲ್ಲಿ ಮಾತ್ರ ಎಂದೂ ತುಂಬಬೇಡಿ.

ಗ್ಲೋ ಅಲ್ಲದೆ ಬೇರೆ ದಾರಿಗಳೂ ಇವೆ. ನಾಲ್ಕು ಸ್ಟ್ರೋಕಿನ ಎಂಜಿನ್ ಇಂಪಾಗಿ ಓಡುತ್ತದೆ, ಇಂಧನ ಕಡಿಮೆ ಕುಡಿಯುತ್ತದೆ, ಆದರೆ ಬೆಲೆ ಹೆಚ್ಚು. ಎರಡು ಸ್ಟ್ರೋಕಿನ 46ರ ಜಾಗಕ್ಕೆ ನಾಲ್ಕು ಸ್ಟ್ರೋಕಿನ 60 ಅಥವಾ 70 ಬೇಕಾಗುತ್ತದೆ. ಪೆಟ್ರೋಲ್ ಎಂಜಿನ್ ದೊಡ್ಡ ವಿಮಾನಗಳಿಗೆ ಸರಿ. ಇನ್ನು ವಿದ್ಯುತ್ ಮೋಟಾರು. ಮುಂಬಯಿ, ಚೆನ್ನೈಗಳ ಫ್ಲ್ಯಾಟುಗಳಲ್ಲಿರುವವರಿಗೆ ಇದೇ ಅನುಕೂಲ. ಸದ್ದಿಲ್ಲ, ಜಿಡ್ಡಿಲ್ಲ. ಲೆಕ್ಕವೂ ಸುಲಭ: ಟ್ರೇನರ್‌ಗೆ ಕಿಲೋ ತೂಕಕ್ಕೆ ಸುಮಾರು 220 ವ್ಯಾಟ್. ಎರಡೂವರೆ ಕಿಲೋ ವಿಮಾನಕ್ಕೆ 550 ವ್ಯಾಟ್ ಬೇಕು, 700 ಇದ್ದರೆ ನಿರಾಳ. ಆದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಪೆಟ್ಟು ತಿಂದರೆ ಅಥವಾ ಅತಿಯಾಗಿ ಚಾರ್ಜ್ ಆದರೆ ಹೊತ್ತಿಕೊಳ್ಳುತ್ತದೆ. ಅದನ್ನು ಚಾರ್ಜಿಗಿಟ್ಟು ಮನೆ ಬಿಟ್ಟು ಹೋಗಬಾರದು.

ಎಂಜಿನ್ ಕೂರಿಸುವಾಗ ಮೂರು ವಿಷಯ ನೆನಪಿಡಿ. ಒಂದು, ಎಂಜಿನ್ ಹೊರುವ ಮುಂಗೋಡೆ 6 ಮಿಲಿಮೀಟರ್ ಪ್ಲೈವುಡ್‌ನದಾಗಿರಲಿ, ಅದಕ್ಕೆ ಎಪಾಕ್ಸಿ ಬಳಿಯಿರಿ. ಇಲ್ಲವಾದರೆ ಇಂಧನದ ಎಣ್ಣೆ ಮರದೊಳಗೆ ಇಳಿದು ಅಂಟು ಬಿಡುತ್ತದೆ. ಎರಡು, ಇಂಧನದ ಟ್ಯಾಂಕು ಕಾರ್ಬ್ಯುರೇಟರಿನ ಮಟ್ಟಕ್ಕೇ ಇರಲಿ, ಸುತ್ತಲೂ ಸ್ಪಂಜು ತುಂಬಿ. ಅದುರಿದರೆ ಇಂಧನ ನೊರೆಯಾಗಿ ಎಂಜಿನ್ ತಡವರಿಸುತ್ತದೆ. ಮೂರು, ಎಂಜಿನ್ನಿನ ಮೂಗು ಎರಡು ಮೂರು ಡಿಗ್ರಿ ಕೆಳಕ್ಕೂ ಅಷ್ಟೇ ಬಲಕ್ಕೂ ವಾಲಿರಲಿ. ನಕ್ಷೆಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಎಲ್ಲ ಮುಗಿದ ಮೇಲೆ ಟ್ಯಾಂಕು ಖಾಲಿ ಇರುವಾಗ ವಿಮಾನವನ್ನು ಎರಡು ಬೆರಳುಗಳ ಮೇಲೆ ತೂಗಿ ನೋಡಿ. ರೆಕ್ಕೆಯ ಅಗಲದ ಮುಂಭಾಗದಿಂದ ಕಾಲು ಭಾಗ ಮತ್ತು ಮೂರನೇ ಒಂದು ಭಾಗದ ನಡುವೆ ಅದು ಸಮನಾಗಿ ನಿಲ್ಲಬೇಕು. ಪ್ರೊಪೆಲ್ಲರ್ 40ಕ್ಕೆ 10 ಅಂಗುಲ, 46ಕ್ಕೆ 11 ಅಂಗುಲ. ಎರಡಕ್ಕೂ ಪಿಚ್ 6 ಅಂಗುಲ ಸಾಮಾನ್ಯ.

ಈಗ ಊರಿನ ವಿಷಯಕ್ಕೆ ಬರೋಣ. ಕಾರ್ಬ್ಯುರೇಟರಿನಲ್ಲಿ ಒಂದು ಸೂಜಿ ಇದೆ. ಅದನ್ನು ಬಿಗಿದರೆ ಇಂಧನ ಕಡಿಮೆ, ಸಡಿಲಿಸಿದರೆ ಹೆಚ್ಚು. ಎಂಜಿನ್ ಎಳೆಯುವ ಗಾಳಿ ಎಷ್ಟು ದಟ್ಟವೋ ಅದಕ್ಕೆ ತಕ್ಕಷ್ಟು ಇಂಧನ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಚೆನ್ನೈ, ಮುಂಬಯಿಗಳ ಗಾಳಿಗಿಂತ ನೂರಕ್ಕೆ ಸುಮಾರು 8ರಷ್ಟು ತೆಳು. ಪುಣೆ ಮತ್ತು ಹೈದರಾಬಾದ್ 550 ಮೀಟರ್ ಆಸುಪಾಸಿನಲ್ಲಿದ್ದು ನಡುವೆ ಬರುತ್ತವೆ. ದೆಹಲಿಯ ಎತ್ತರ 200 ಮೀಟರ್ ಚಿಲ್ಲರೆ ಮಾತ್ರ, ಆದರೆ ಅಲ್ಲಿ ಚಳಿಗಾಲಕ್ಕೂ ಬೇಸಿಗೆಗೂ ಅಜಗಜಾಂತರ. ಮೇ ತಿಂಗಳ 45 ಡಿಗ್ರಿಯ ಮಧ್ಯಾಹ್ನ, ಜನವರಿಯ 20 ಡಿಗ್ರಿಯ ಮಧ್ಯಾಹ್ನಕ್ಕಿಂತ ಗಾಳಿ ನೂರಕ್ಕೆ 8ರಷ್ಟೇ ತೆಳುವಾಗಿರುತ್ತದೆ.

ಇದರ ಪರಿಣಾಮ ಏನು? ರಜೆಗೆ ಬೆಂಗಳೂರಿಗೆ ಹೋಗಿ, ಅಲ್ಲಿ ಎಂಜಿನ್ ಸೊಗಸಾಗಿ ಹೊಂದಿಸಿಕೊಂಡು ಚೆನ್ನೈಗೆ ಮರಳಿದಿರಿ ಎನ್ನಿ. ಸೂಜಿ ಮುಟ್ಟದೆ ಹಾರಿಸಿದರೆ ಇಲ್ಲಿನ ದಟ್ಟ ಗಾಳಿಗೆ ಆ ಇಂಧನ ಸಾಲದು. ಎಂಜಿನ್ ನೆಲದ ಮೇಲೆ ಚೆನ್ನಾಗಿಯೇ ಕೂಗುತ್ತದೆ. ಮೇಲೆ ಹೋದ ಮೇಲೆ ಕಾದು, ಬಾಡಿ, ನಿಂತುಹೋಗುತ್ತದೆ. ಆಮೇಲೆ ನಿಮ್ಮ ಕೈಯಲ್ಲಿರುವುದು ಎರಡೂವರೆ ಕಿಲೋ ತೂಕದ ಗ್ಲೈಡರ್. ಮಹಾನಗರದಲ್ಲಿ ಅದು ಎಲ್ಲಿ ಇಳಿಯುತ್ತದೆ? ರಸ್ತೆಯ ಮೇಲೋ, ಆಡುವ ಮಕ್ಕಳ ನಡುವೆಯೋ? ಆದ್ದರಿಂದ ಊರು ಬದಲಾದಾಗ, ಋತು ಬದಲಾದಾಗ ಸೂಜಿಯನ್ನು ಮೊದಲು ಕಾಲು ಸುತ್ತು ಸಡಿಲಿಸಿ ಹೊಸದಾಗಿ ಹೊಂದಿಸಿ. ಪೂರ್ತಿ ವೇಗದಲ್ಲಿ ಎಂಜಿನ್ ಅತಿ ಹೆಚ್ಚು ಸುತ್ತುವ ಬಿಂದು ಕಂಡುಕೊಂಡು, ಅಲ್ಲಿಂದ 200-300 ಸುತ್ತು ಇಳಿಯುವಷ್ಟು ಸೂಜಿ ಸಡಿಲಿಸಿ ಬಿಡಿ. ಬಳಿಕ ಸಹಾಯಕರೊಬ್ಬರು ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗನ್ನು ಆಕಾಶಕ್ಕೆ ಎತ್ತಲಿ. ಹತ್ತು ಸೆಕೆಂಡಿನಲ್ಲಿ ಸದ್ದು ಕುಗ್ಗಿದರೆ ಇನ್ನೂ ಸ್ವಲ್ಪ ಸಡಿಲಿಸಬೇಕು.

ಆಯ್ಕೆಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಸಮುದ್ರ ಮಟ್ಟದ ಊರಿನಲ್ಲಿ 40 ಸಾಕು. ಬೆಂಗಳೂರಿನಂಥ ಎತ್ತರದ ಊರಿನಲ್ಲಿ, ದೆಹಲಿಯ ಬೇಸಿಗೆಯಲ್ಲಿ ಹಾರಿಸುವವರು ಅದೇ ವಿಮಾನಕ್ಕೆ 46 ಆರಿಸಿಕೊಳ್ಳಲಿ. ಗಾಳಿ ತೆಳುವಾದಷ್ಟೂ ಶಕ್ತಿ ಕುಗ್ಗುತ್ತದೆ. ಊರಿಗೆ ಹೊರಟಾಗ ಮಾತ್ರ ಇಂಧನದ ಡಬ್ಬಿ ಜೊತೆಗೆ ಬೇಡ. ರೈಲಿನಲ್ಲೂ ವಿಮಾನದಲ್ಲೂ ಅದಕ್ಕೆ ಅವಕಾಶವಿಲ್ಲ.

ಕೊನೆಯದಾಗಿ ಎಚ್ಚರಿಕೆಯ ಎರಡು ಮಾತು. ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ, ಬೆರಳನ್ನು ಕತ್ತರಿಸಬಲ್ಲದು. ಚಾಲೂ ಮಾಡಲು ಬರಿಬೆರಳು ಬೇಡ, ಕೋಲು ಅಥವಾ ಸ್ಟಾರ್ಟರ್ ಬಳಸಿ. ಸೂಜಿಯನ್ನು ಪ್ರೊಪೆಲ್ಲರಿನ ಹಿಂದೆ ನಿಂತೇ ತಿರುಗಿಸಿ. ಎರಡನೆಯದು ಜಾಗ. 2021ರ ಡ್ರೋನ್ ನಿಯಮಗಳು ಹವ್ಯಾಸದ ರೇಡಿಯೊ ವಿಮಾನಗಳನ್ನೂ ಒಳಗೊಳ್ಳುತ್ತವೆ. ಹಾರಿಸುವ ಜಾಗ ಕೆಂಪು, ಹಳದಿ, ಹಸಿರು ಈ ಮೂರರಲ್ಲಿ ಯಾವ ವಲಯದ್ದು ಎಂದು ಸರ್ಕಾರದ ನಕ್ಷೆಯಲ್ಲಿ ನೋಡಿಕೊಳ್ಳಿ. ಹಸಿರು ವಲಯದಲ್ಲೂ 400 ಅಡಿಯ ಮೇಲೆ ಹೋಗುವಂತಿಲ್ಲ, ವಿಮಾನ ನಿಲ್ದಾಣದ ಸಮೀಪ ಮಿತಿ ಇನ್ನೂ ಕಡಿಮೆ. ಒಬ್ಬರೇ ಕಲಿಯಲು ಹೋಗದೆ ನಿಮ್ಮ ಊರಿನ ಹಾರಾಟಗಾರರ ಜೊತೆ ಸೇರಿ. ಮೊದಲ ಹಾರಾಟ ಅನುಭವಿಗಳ ಕೈಯಲ್ಲಾಗಲಿ.

ಹೊಸ ಎಂಜಿನ್ ಕೊಳ್ಳುವ ಮುನ್ನ ಒಮ್ಮೆ ನಿಮ್ಮ ವಿಮಾನವನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡಿ. ಅಂಗಡಿಗೆ ಹೋಗುವುದು ಆಮೇಲೆ.