ನಂದಿಕೂರಿನ ಆಸುಪಾಸು: ನೋಡಬೇಕಾದ ನೆಲ, ಕೇಳಬೇಕಾದ ಕಥೆ

(ಶಾಲಾ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಶಾಲೆಯ ಆರಂಭದ ವರ್ಷಗಳಲ್ಲಿ ನಾನು ಇಲ್ಲಿ ಕಲಿತವನು. ಒಂಬತ್ತನೇ ತರಗತಿಯಲ್ಲಿ ಕನ್ನಡ ಮಾಸ್ಟ್ರು ಒಂದು ಪ್ರಬಂಧ ಕೊಟ್ಟಿದ್ದರು: 'ನಾನು ಕಂಡ ಪ್ರೇಕ್ಷಣೀಯ ಸ್ಥಳ'. ತರಗತಿಯ ಅರ್ಧಕ್ಕರ್ಧ ಮಂದಿ ಜೋಗ ಜಲಪಾತದ ಬಗ್ಗೆ ಬರೆದೆವು, ಉಳಿದವರು ಮೈಸೂರು ಅರಮನೆಯ ಬಗ್ಗೆ. ನಮ್ಮಲ್ಲಿ ಒಬ್ಬನೂ ಅವೆರಡನ್ನೂ ಕಂಡಿರಲಿಲ್ಲ. ಎಲ್ಲರದ್ದೂ ಒಂದೇ ಗೈಡಿನ ವಾಕ್ಯ. ಮಾಸ್ಟ್ರು ಬೈಯಲಿಲ್ಲ. ನನ್ನನ್ನು ಎಬ್ಬಿಸಿ, "ನಿನ್ನ ಮನೆಯ ಹಿಂದೆ ಹರಿಯುವ ತೋಡು ಎಲ್ಲಿ ಹುಟ್ಟುತ್ತದೆ ಮಾರಾಯ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. "ಬರುವ ಸೋಮವಾರದೊಳಗೆ ನೋಡಿಕೊಂಡು ಬಾ" ಎಂದರು. ನಾನು ಹೋಗಲಿಲ್ಲ. ಆ ಸೋಮವಾರದ ಬಾಕಿಯನ್ನು ತೀರಿಸಲಿಕ್ಕೆ ಇಂದು ಇಲ್ಲಿ ನಿಂತಿದ್ದೇನೆ.

ನಮ್ಮ ಸುತ್ತ ನೋಡುವಂಥದ್ದು ಏನಿದೆ, ಅದರ ಬಗ್ಗೆ ಹಿರಿಯರು ಹೇಳುವ ಕಥೆಗಳಲ್ಲಿ ಏನಿದೆ ಎಂಬುದು ನನ್ನ ವಿಷಯ. ಅದನ್ನು ಮೂರು ಪಾಲು ಮಾಡಿಕೊಂಡಿದ್ದೇನೆ: ನಡೆದು ಹೋಗುವಷ್ಟು ದೂರ, ಸೈಕಲಿನಲ್ಲಿ ಹೋಗುವಷ್ಟು ದೂರ, ಬಸ್ಸಿನಲ್ಲಿ ಹೋಗುವಷ್ಟು ದೂರ.

ಮೊದಲು ನಡಿಗೆ. ಶಾಲೆಯಿಂದ ಹೊರಟರೆ ಕಾಲಿಗೆ ಮೊದಲು ತಾಗುವುದೇ ಮುರಕಲ್ಲು. ನಮ್ಮ ಮನೆ, ಬಾವಿಕಟ್ಟೆ, ಪಾಗಾರ ಎಲ್ಲವೂ ಅದರದ್ದೇ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ವಿಚಿತ್ರ ಕಲ್ಲು ಇದು. ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ನಮ್ಮ ಕರಾವಳಿಯಲ್ಲೆಲ್ಲ ತಿರುಗಾಡಿ, ಕೇರಳದ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲಿಗೆ 1807ರ ತನ್ನ ಪುಸ್ತಕದಲ್ಲಿ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಇಟ್ಟಿಗೆ. ಜಗತ್ತಿನ ಭೂಗರ್ಭ ಶಾಸ್ತ್ರದ ಪುಸ್ತಕಗಳಲ್ಲಿರುವ ಆ ಪದದ ಹಿಂದೆ ನಿಮ್ಮ ಅಂಗಳದ ಕಲ್ಲೇ ಇದೆ.

ಈ ಕಲ್ಲು ಹರಡಿಕೊಂಡಿರುವ ಬೋಳು ಗುಡ್ಡೆಯನ್ನು ನಾವು ಪದವು ಎನ್ನುತ್ತೇವೆ. ಬೇಸಿಗೆಯಲ್ಲಿ ನೋಡಿದವರು ಅದನ್ನು ಪಾಳು ಎನ್ನುತ್ತಾರೆ. ಮಳೆ ಹಿಡಿದು ಎರಡು ತಿಂಗಳಾದ ಮೇಲೆ ಹೋಗಿ, ಮೊಣಕಾಲೂರಿ ನೋಡಿ. ಬೆರಳಿನುದ್ದದ ಗಿಡಗಳಲ್ಲಿ ನೀಲಿ ಹೂಗಳ ಹಾಸು ಕಾಣುತ್ತದೆ. ಅವುಗಳಲ್ಲಿ ಕೆಲವು ಕೀಟಾಹಾರಿ ಗಿಡಗಳು. ಮಣ್ಣಿನಡಿಯಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿದ್ದು, ನೀರಿನ ಸೂಕ್ಷ್ಮ ಜೀವಿಗಳನ್ನು ಅವು ಹಿಡಿಯುತ್ತವೆ. ಬರೀ ಕಲ್ಲಿನ ಮೇಲೆ ಗೊಬ್ಬರ ಇಲ್ಲದ ಕಡೆ ಬದುಕಲು ಆ ಗಿಡ ಕಂಡುಕೊಂಡ ಉಪಾಯ ಅದು. ಪದವಿನ ಮೇಲೆ ಬಿದ್ದ ಮಳೆ ತಗ್ಗಿನಲ್ಲಿರುವ ಮದಕದಲ್ಲಿ ನಿಂತು, ಮುರಕಲ್ಲಿನ ತೂತುಗಳಲ್ಲಿ ಮೆಲ್ಲನೆ ಇಳಿದು, ಕೆಳಗಿನ ಬೈಲಿನ ಬಾವಿಗಳಿಗೆ ಒಸರಾಗಿ ಬರುತ್ತದೆ. ಪಾಳು ಎನಿಸಿದ ಜಾಗವೇ ಬೈಲಿನ ನೀರಿನ ಟ್ಯಾಂಕಿ.

ಬೈಲಿನ ಅಂಚಿನಲ್ಲಿ ನಾಗಬನ ಇರುತ್ತದೆ. ಬನದ ಮರಕ್ಕೆ ಕತ್ತಿ ತಾಗಿಸಬಾರದು ಎಂದು ಹಿರಿಯರು ಹೇಳುತ್ತಾರೆ. ಆ ಒಂದು ಮಾತಿನಿಂದಾಗಿ, ಸುತ್ತಲಿನ ಗುಡ್ಡೆ ಬೋಳಾದ ಕಡೆಯಲ್ಲೂ ಸುರಗಿ, ಹೊನ್ನೆ, ಪಾಲೆ ಮರಗಳು ಬನದೊಳಗೆ ಉಳಿದಿವೆ. ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲಿ ಪಾಲೆ ಮರದ ಕೆತ್ತೆ ತಂದು ಕಷಾಯ ಮಾಡಿ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುವುದು ನಿಮಗೆಲ್ಲ ಗೊತ್ತು. ಕೆತ್ತೆಯನ್ನು ಕತ್ತಿಯಿಂದ ತೆಗೆಯಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು ಎಂಬುದು ಕ್ರಮ. ಕಲ್ಲಿನಿಂದ ಜಜ್ಜಿದರೆ ಎಷ್ಟು ಕೆತ್ತೆ ಬಂದೀತು? ಮನೆಗೆ ಬೇಕಾದಷ್ಟು ಮಾತ್ರ. ಹಾಗಾಗಿ ಮರ ಮುಂದಿನ ವರ್ಷಕ್ಕೂ ಉಳಿಯುತ್ತದೆ. ಒಂದು ಎಚ್ಚರಿಕೆ: ಮರದ ಗುರುತು ಬಲ್ಲ ಹಿರಿಯರಿಲ್ಲದೆ ನೀವಾಗಿ ಕೆತ್ತೆ ತರಲು ಹೋಗಬೇಡಿ. ಕಾಸರಕದಂಥ ವಿಷದ ಮರದ ಕೆತ್ತೆ ಬಂದರೆ ಜೀವಕ್ಕೇ ಅಪಾಯ.

ನಡಿಗೆಯ ದೂರದಲ್ಲೇ ಅಡ್ವೆಯಿದೆ. ಅಡ್ವೆ ನಂದಿಕೂರಿನ ಜೋಡುಕರೆ ಕಂಬಳ ಕೋಟಿ-ಚೆನ್ನಯರ ಹೆಸರಿನಲ್ಲಿದೆ. ಆ ಅವಳಿ ವೀರರ ಕಥೆ ಶುರುವಾಗುವುದು ಯುದ್ಧದಿಂದಲ್ಲ, ಮದ್ದಿನಿಂದ. ಪಡುಮಲೆಯ ಬಲ್ಲಾಳನ ಕಾಲಿಗೆ ಮುಳ್ಳು ಹೊಕ್ಕು ಆದ ಗಾಯವನ್ನು ಯಾರಿಗೂ ಗುಣಪಡಿಸಲಾಗದೆ ಹೋದಾಗ, ತುಂಬು ಬಸುರಿ ದೇಯಿ ಬೈದೆದಿ ಬಂದು ಬೇರು ನಾರುಗಳಿಂದ ವಾಸಿ ಮಾಡುತ್ತಾಳೆ. ಅವಳ ಮಕ್ಕಳೇ ಕೋಟಿ-ಚೆನ್ನಯರು. ಕಂಬಳಕ್ಕೆ ಹೋದಾಗ ಕೋಣಗಳ ಓಟ ನೋಡಿ, ಸಂತೋಷ. ಅದರ ಜೊತೆಗೆ ಗಿಡಮೂಲಿಕೆ ಬಲ್ಲ ಆ ತಾಯಿಯನ್ನೂ ನೆನೆಯಿರಿ.

ಇನ್ನು ಸೈಕಲಿನ ದೂರ. ಪಡುಬಿದ್ರಿಯ ಬ್ರಹ್ಮಸ್ಥಾನಕ್ಕೆ ಹೋಗಿ. ಅಲ್ಲಿ ಗೋಪುರವಿಲ್ಲ, ಮಾಡಿಲ್ಲ. ಮರಗಳ ನೆರಳೇ ಮಾಡು, ಮರಳೇ ನೆಲ, ಪ್ರಸಾದವೂ ಆ ಮರಳೇ. ಎರಡು ವರ್ಷಕ್ಕೊಮ್ಮೆ ನಡೆಯುವ ಡಕ್ಕೆಬಲಿಗೆ ಸಾವಿರಾರು ಮಂದಿ ಬರುತ್ತಾರೆ, ಮರಳಿನ ಮೇಲೆ ಕುಳಿತು ನೋಡುತ್ತಾರೆ. ಇಷ್ಟು ದೊಡ್ಡ ನಂಬಿಕೆಯ ಸ್ಥಳದಲ್ಲಿ ಕಾಡನ್ನು ಕಾಡಾಗಿಯೇ ಬಿಡಬೇಕು ಎಂದು ನಮ್ಮ ಹಿರಿಯರಿಗೆ ಅನ್ನಿಸಿತಲ್ಲ, ಅದನ್ನು ಗಮನಿಸಿ.

ಅಲ್ಲಿಂದ ಕಡಲಿಗೆ ಹೋದರೆ ಕಾಮಿನಿ ಹೊಳೆ ಸಮುದ್ರ ಸೇರುವ ಎಂಡ್ ಪಾಯಿಂಟ್. 2020ರಲ್ಲಿ ದೇಶದ ಎಂಟು ಕಡಲ ಕಿನಾರೆಗಳಿಗೆ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಕರ್ನಾಟಕಕ್ಕೆ ಸಿಕ್ಕಿದ್ದು ಎರಡು: ಹೊನ್ನಾವರದ ಕಾಸರಕೋಡು ಮತ್ತು ನಮ್ಮ ಪಡುಬಿದ್ರಿ. ನೀರಿನ ಶುದ್ಧತೆ, ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಮನ್ನಣೆ ಅದು. ಆದರೆ ಕಡಲಿನ ನೀರು ಮೇಲಿನ ಊರುಗಳ ತೋಡಿನಿಂದಲೂ ಬರುತ್ತದೆ. ತೋಡಿಗೆ ಪ್ಲಾಸ್ಟಿಕ್ ಎಸೆದು ಕಡಲು ಚಂದ ಇರಲಿ ಎಂದರೆ ಆಗದು. ಮಳೆಗಾಲದಲ್ಲಿ ಅಳಿವೆಯ ಹತ್ತಿರ ನೀರಿಗೆ ಇಳಿಯಲೇಬೇಡಿ.

ದಕ್ಷಿಣಕ್ಕೆ ತಿರುಗಿದರೆ ಶಾಂಭವಿ ಹೊಳೆ, ಮೂಲ್ಕಿ, ಬಪ್ಪನಾಡು. ಬಪ್ಪ ಎಂಬ ಬ್ಯಾರಿ ವರ್ತಕನ ದೋಣಿ ಶಾಂಭವಿಯಲ್ಲಿ ಮುಂದೆ ಹೋಗದೆ ನಿಂತುಬಿಟ್ಟಿತಂತೆ, ನೀರು ಕೆಂಪಾಯಿತಂತೆ. ರಾತ್ರಿ ಕನಸಿನಲ್ಲಿ ದೇವಿ ಬಂದು ನನಗೊಂದು ಗುಡಿ ಕಟ್ಟಿಸು ಎಂದಳಂತೆ. ಅವನು ಮೂಲ್ಕಿಯ ಜೈನ ಸಾವಂತ ಅರಸರ ನೆರವಿನಿಂದ ದುರ್ಗಾಪರಮೇಶ್ವರಿಯ ಗುಡಿ ಕಟ್ಟಿಸಿದ. ಮುಸ್ಲಿಂ ವರ್ತಕ, ಜೈನ ಅರಸ, ಹಿಂದೂ ದೇವಿ. ಊರಿಗೆ ಹೆಸರು ಬಂದದ್ದು ಬಪ್ಪನಿಂದ, ಜಾತ್ರೆಯಲ್ಲಿ ಅವನ ಮನೆತನಕ್ಕೆ ಪ್ರಸಾದ ಸಲ್ಲುವ ಕ್ರಮ ಇಂದಿಗೂ ಉಂಟು. ಈ ಕಥೆಯನ್ನು ಹೊಳೆಯ ದಡದಲ್ಲಿ ನಿಂತು ಕೇಳಬೇಕು. ದೋಣಿ ಬರುತ್ತಿದ್ದ ದಾರಿ ಕಣ್ಣಮುಂದೆಯೇ ಇರುತ್ತದೆ.

ಮೂರನೆಯದು ಬಸ್ಸಿನ ದೂರ. ಉತ್ತರಕ್ಕೆ ಹೋದರೆ ಕುಂಜಾರುಗಿರಿ. ಬೆಟ್ಟದ ಮೇಲೆ ದುರ್ಗೆ, ನಾಲ್ಕು ದಿಕ್ಕಿಗೆ ಪರಶು, ಧನುಸ್ಸು, ಬಾಣ, ಗದೆ ಎಂಬ ಹೆಸರಿನ ನಾಲ್ಕು ತೀರ್ಥಗಳು. ಪರಶುರಾಮ ತನ್ನ ಆಯುಧಗಳಿಂದ ಮಾಡಿದ್ದು ಎನ್ನುತ್ತಾರೆ. ಬುಡದಲ್ಲಿ ಮಧ್ವಾಚಾರ್ಯರು ಹುಟ್ಟಿದ ಪಾಜಕ. ಬಾಲಕ ವಾಸುದೇವ, ಅಂದರೆ ಮುಂದಿನ ಮಧ್ವರು, ತಂದೆಯ ಸಾಲವನ್ನು ಹುಣಸೆ ಬೀಜ ಕೊಟ್ಟು ತೀರಿಸಿದ ಕಥೆಯನ್ನು ಅಲ್ಲಿ ಕೇಳಬಹುದು. ಕಲ್ಲು ಬೆಟ್ಟದ ಸುತ್ತ ನೀರು ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ಹಿರಿಯರು ನಾಲ್ಕು ಆಯುಧಗಳ ಹೆಸರಿನಲ್ಲಿ ನಮ್ಮ ನೆನಪಿನಲ್ಲಿ ಇಟ್ಟಿದ್ದಾರೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ನಮ್ಮ ಮುಂದಿನ ರಸ್ತೆಯಲ್ಲೇ ಪೂರ್ವಕ್ಕೆ ಹೋದರೆ ಕಾರ್ಕಳ. ಬಂಡೆಯ ಬೆಟ್ಟದ ಮೇಲೆ 42 ಅಡಿಯ ಗೊಮ್ಮಟ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಎಂದು ಶಾಸನ ಹೇಳುತ್ತದೆ. ತುಳು ಪಾಡ್ದನ ಬೇರೆಯೇ ಕಥೆ ಹೇಳುತ್ತದೆ. ಆ ಮೂರ್ತಿಯನ್ನು ಕೆತ್ತಿದವನು ಬೀರು ಕಲ್ಕುಡ. ಇಂಥದ್ದನ್ನು ಇನ್ನೆಲ್ಲೂ ಮಾಡದಿರಲಿ ಎಂದು ಅರಸ ಅವನ ಎಡಗೈ ಬಲಗಾಲು ಕಡಿಸಿದ. ಅವನು ವೇಣೂರಿಗೆ ಹೋಗಿ, ಉಳಿದ ಒಂದು ಕೈ ಒಂದು ಕಾಲಿನಲ್ಲಿ ಅಲ್ಲಿಯೂ ಗೊಮ್ಮಟನನ್ನು ಕೆತ್ತಿದ. ಅವನ ತಂಗಿ ಕಲ್ಲುರ್ಟಿ ಅಣ್ಣನ ಪರವಾಗಿ ಸೇಡು ತೀರಿಸಿದಳು.

ನಾನು ಸಮಾಜ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು, "ಸಾರ್, ವೇಣೂರಿನ ಗೊಮ್ಮಟ 1604ರದ್ದು. ನಡುವೆ 172 ವರ್ಷ ಉಂಟು. ಒಬ್ಬನೇ ಎರಡನ್ನೂ ಹೇಗೆ ಕೆತ್ತುವುದು? ಕಥೆ ಸುಳ್ಳಲ್ಲವಾ?" ಎಂದು ಕೇಳಿದ. ಲೆಕ್ಕ ಸರಿ ಇತ್ತು. ಆದರೆ ನಾನು ಅವನಿಗೆ ಕೇಳಿದೆ: "ಶಾಸನದಲ್ಲಿ ಅರಸನ ಹೆಸರಿದೆ. ಉಳಿ ಹಿಡಿದವನ ಹೆಸರು ನಮಗೆ ಯಾರು ಹೇಳಿದ್ದು?" ಪಾಡ್ದನ ಹಾಡಿದವರು ವರ್ಷ ಬರೆದಿಡಲಿಲ್ಲ, ಕೆಲಸದವನಿಗೆ ಆದ ಅನ್ಯಾಯವನ್ನು ಮರೆಯದಂತೆ ಇಟ್ಟರು. ವರ್ಷವನ್ನು ಶಾಸನದಲ್ಲಿ ಕೇಳಿ, ನೋವನ್ನು ಪಾಡ್ದನದಲ್ಲಿ ಕೇಳಿ. ಎರಡನ್ನೂ ಕೇಳುವುದೇ ಓದು.

ಈಗ ನನ್ನ ಸ್ವಂತ ವಿಷಯಕ್ಕೆ ಬರುತ್ತೇನೆ. ನನ್ನ ಅಜ್ಜಿ ಮನೆಯ ಮೇಲ್ಗಡೆ ಪದವಿನ ತಗ್ಗಿನಲ್ಲಿ ಒಂದು ಮದಕ ಇತ್ತು. ಹಿಂದೆ ಮನೆಯಲ್ಲಿ ಮದುವೆಯಾದರೆ ಮುನ್ನಾ ದಿನ ಸಂಜೆ ಅದರ ದಡದಲ್ಲಿ ವೀಳ್ಯ ಇಟ್ಟು ಕೈಮುಗಿದು ಬರುತ್ತಿದ್ದರಂತೆ. ಬೆಳಗ್ಗೆ ಅಡುಗೆಗೆ ಬೇಕಾದ ಪಾತ್ರೆಗಳೆಲ್ಲ ನೀರಿನಲ್ಲಿ ತೇಲಿಬರುತ್ತಿದ್ದವಂತೆ. ಊಟ ಮುಗಿದ ಮೇಲೆ ತೊಳೆದು ಹಿಂದೆ ಬಿಡಬೇಕು. ಒಮ್ಮೆ ಒಬ್ಬರಿಗೆ ಆಸೆಯಾಗಿ ಒಂದು ಸೌಟನ್ನು ಒಳಗಿಟ್ಟುಕೊಂಡರು. ಅಂದಿನಿಂದ ಪಾತ್ರೆ ಬರಲಿಲ್ಲ. ಇಂಥ ಕಥೆಯನ್ನು ಕರ್ನಾಟಕದ ಬೇರೆ ಕೆರೆಗಳ ಬಗ್ಗೆಯೂ ಹೇಳುತ್ತಾರೆ. ಆದರೆ ನನ್ನ ಅಜ್ಜಿ ಹೇಳುವಾಗ ಅದರಲ್ಲಿ ಎಲ್ಲವೂ ಇತ್ತು: ವೀಳ್ಯ ಇಡುತ್ತಿದ್ದ ಕಲ್ಲು ಯಾವುದು, ಒಸರು ಯಾವ ಮೂಲೆಯಲ್ಲಿ ಏಳುತ್ತದೆ, ಯಾವ ತಿಂಗಳವರೆಗೆ ನೀರು ನಿಲ್ಲುತ್ತದೆ, ಹೆಂಗಸರು ಹೋಗುವಾಗ ಹೇಳುತ್ತಿದ್ದ ತುಳು ಮಾತು ಏನು.

ಕೆಲಸಕ್ಕಾಗಿ ಘಟ್ಟದ ಮೇಲೆ ಮೂವತ್ತು ವರ್ಷ ಇದ್ದೆ. ಪ್ರತಿ ರಜೆಗೆ ಬಂದಾಗ, ಇದನ್ನು ಬರೆದಿಡಬೇಕು ಎಂದುಕೊಂಡೆ. ಬರೆಯಲಿಲ್ಲ. ಅಜ್ಜಿ ತೀರಿಕೊಂಡರು. ಜಾಗ ಕೈ ಬದಲಾಯಿತು, ಒಂದು ಬೇಸಿಗೆಯಲ್ಲಿ ಮದಕಕ್ಕೆ ಮಣ್ಣು ಬಿತ್ತು. ಯಾರನ್ನೂ ದೂರುವುದಿಲ್ಲ. ತುಂಬಿಸಿದವರಿಗೆ ಅದೊಂದು ಹೊಂಡ, ಅಷ್ಟೆ. ಅದು ಹೊಂಡವಲ್ಲ ಎಂದು ಹೇಳಬಲ್ಲ ಒಂದು ಕಾಗದವೂ ನನ್ನಲ್ಲಿರಲಿಲ್ಲ. ಈಗ ಕೆಳಗಿನ ಎರಡು ಮನೆಗಳ ಬಾವಿ ಫೆಬ್ರವರಿಯಲ್ಲೇ ತಳ ಕಾಣುತ್ತದೆ. ಒಳಗಿಟ್ಟುಕೊಂಡ ಆ ಸೌಟು ನನ್ನ ಹತ್ತಿರವೇ ಇದ್ದ ಹಾಗೆ ಕೆಲವೊಮ್ಮೆ ಅನ್ನಿಸುತ್ತದೆ. ಅಜ್ಜಿಯಿಂದ ಪಡೆದದ್ದನ್ನು ನಾನು ಹಿಂದಿರುಗಿಸಲಿಲ್ಲ.

ಇಂದು ನಂದಿಕೂರು ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕೈಗಾರಿಕಾ ಪ್ರದೇಶ, ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ, ರೈಲು ಹಳಿ. ಕೆಲಸ ಬೇಕು, ಕರೆಂಟೂ ಬೇಕು, ನಾನು ಅಲ್ಲಗಳೆಯುವುದಿಲ್ಲ. ನೆಲ ಬದಲಾಗುತ್ತಲೇ ಇರುತ್ತದೆ. ಆದರೆ ಬದಲಾಗುವ ಮೊದಲು ಇಲ್ಲಿ ಏನಿತ್ತು ಎಂದು ಹೇಳಬಲ್ಲವರು ಊರಿನಲ್ಲಿ ಇರಬೇಕು.

ಆದುದರಿಂದ ಮಕ್ಕಳೇ, ನಿಮಗೊಂದು ಕೆಲಸ ಕೊಡುತ್ತೇನೆ. ಒಂದು ಇನ್ನೂರು ಪುಟದ ನೋಟುಬುಕ್ ಸಾಕು. ತಿಂಗಳಿಗೊಂದು ಭಾನುವಾರ, ಮನೆಯಲ್ಲಿ ಹೇಳಿ, ನಾಲ್ಕು ಜನ ಒಟ್ಟಾಗಿ ಹೋಗಿ. ಬನ, ದೈವಸ್ಥಾನ, ಖಾಸಗಿ ಜಾಗವಾದರೆ ಸಂಬಂಧಪಟ್ಟವರ ಅನುಮತಿ ಕೇಳಿ. ಜಾಗದ ಹೆಸರನ್ನು ಊರವರು ಕರೆಯುವ ಹಾಗೆಯೇ ಬರೆಯಿರಿ. ಹಿರಿಯರ ಹತ್ತಿರ ತುಳುವಿನಲ್ಲೇ ಕೇಳಿ, ಅವರ ಮಾತನ್ನು ಅವರು ಹೇಳಿದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಯಾವ ತಾರೀಕು, ಯಾರು ಹೇಳಿದ್ದು, ಯಾವ ಮರ ಇದೆ, ಯಾವ ತಿಂಗಳು ನೀರು ಇತ್ತು ಎಂಬುದೂ ಇರಲಿ. ಇಬ್ಬರು ಎರಡು ರೀತಿ ಹೇಳಿದರೆ ಎರಡನ್ನೂ ಬರೆಯಿರಿ.

ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ಆ ನೋಟುಬುಕ್ಕುಗಳಿಗೆ ಶಾಲೆಯ ವಾಚನಾಲಯದಲ್ಲಿ ಒಂದು ಕಪಾಟು ಕೊಡಿ. ಮೊದಲನೆಯ ಪುಸ್ತಕವನ್ನು ನಾನೇ ತಂದಿದ್ದೇನೆ. ಅದರಲ್ಲಿ ಅಜ್ಜಿ ಮನೆಯ ಮದಕದ ಬಗ್ಗೆ ನನಗೆ ನೆನಪಿರುವಷ್ಟನ್ನು ಬರೆದಿದ್ದೇನೆ, ಮೂರು ಪುಟ ಮಾತ್ರ ಆಯಿತು. ತುಳು ಮಾತು ಇರಬೇಕಾದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ನಿಮ್ಮ ಮನೆಯ ಅಜ್ಜಿಯಂದಿರಲ್ಲಿ ಯಾರಿಗಾದರೂ ಆ ಮಾತು ಗೊತ್ತಿದ್ದರೆ, ದಯವಿಟ್ಟು ಕೇಳಿಕೊಂಡು ಬಂದು ತುಂಬಿಸಿ.

ಇನ್ನು ನಮ್ಮ ಮಾಸ್ಟ್ರ ಪ್ರಶ್ನೆ. ಹೋದ ಮಳೆಗಾಲದಲ್ಲಿ ಕೊಡೆ ಹಿಡಿದು ಆ ತೋಡಿನ ದಡದಲ್ಲೇ ಮೇಲೆ ಹತ್ತಿದೆ. ಅದು ಹುಟ್ಟುವುದು ಪದವಿನ ಅಂಚಿನ ಒಂದು ಮುರಕಲ್ಲಿನ ಬಿರುಕಿನಲ್ಲಿ. ಮನೆಯಿಂದ ಅರ್ಧ ಗಂಟೆಯ ನಡಿಗೆ, ಅಷ್ಟೆ. ಉತ್ತರ ಹೇಳಲು ಮಾಸ್ಟ್ರು ಇಂದು ನಮ್ಮೊಂದಿಗೆ ಇಲ್ಲ. ಅವರ ಶಾಲೆ ಇದೆ, ಹಾಗಾಗಿ ಇಲ್ಲಿ ಹೇಳಿದ್ದೇನೆ.